ತೊಟ್ಟಿಲ ಬಳಿಯ ಬಜೆ

ಮಗು ಹುಟ್ಟಿದ ಮನೆಯಲ್ಲಿ ಬಾಣಂತಿಯ ಕೋಣೆಯ ಬಾಗಿಲು ತೆರೆದೊಡನೆ ಮೂಗಿಗೆ ಅಡರುವ ವಾಸನೆಗಳಲ್ಲಿ ಲೋಬಾನದ ಹೊಗೆ ಒಂದಾದರೆ ಬಜೆಯ ಘಾಟು ಇನ್ನೊಂದು. ಎಣ್ಣೆದೀಪದಲ್ಲಿ ಸುಟ್ಟ ಬೇರಿನ ತುಂಡನ್ನು ತಾಯಿಯ ಹಾಲಿನಲ್ಲಿ ಎರಡು ಸುತ್ತು ತೇಯ್ದು, ಬೆರಳ ತುದಿಯಿಂದ ಕೂಸಿನ ನಾಲಗೆಗೆ ಸವರುವುದು ನಮ್ಮ ಅಜ್ಜಿಯರ ವಾಡಿಕೆ. ಹೊಟ್ಟೆಯುಬ್ಬರ ಇಳಿಯುತ್ತದೆ, ನಾಲಗೆ ಹೊರಳುತ್ತದೆ, ಮಾತು ಬೇಗ ಬರುತ್ತದೆ ಎಂಬುದು ಅವರ ನಂಬಿಕೆ.

ಈ ನಂಬಿಕೆಯ ಅರ್ಧಭಾಗ ಹೆಸರಿನಲ್ಲಿಯೇ ಅಡಗಿದೆ. ಸಂಸ್ಕೃತದ 'ವಚಾ' ನಮ್ಮಲ್ಲಿ ಬಜೆಯಾಯಿತು; ವಸತಿಯು ಬಸದಿಯಾದಂತೆ ವಕಾರ ಬಕಾರವಾಗಿ, ಸೂಚಿಯು ಸೂಜಿಯಾದಂತೆ ಚಕಾರ ಜಕಾರವಾಗಿ. 'ವಚ್' ಎಂದರೆ ನುಡಿ. ನುಡಿಯ ಹೆಸರು ಹೊತ್ತ ಬೇರು ನುಡಿಯನ್ನು ಕೊಡದಿದ್ದೀತೆ? ವ್ಯಾಕರಣಕ್ಕೆ ಇಷ್ಟು ಔಷಧಶಕ್ತಿ ಇದ್ದಿದ್ದರೆ ಕನ್ನಡದ ಅಧ್ಯಾಪಕರೆಲ್ಲ ವೈದ್ಯರಾಗಿಬಿಡುತ್ತಿದ್ದರು! ಇದೇ ಗಿಡಕ್ಕೆ 'ಉಗ್ರಗಂಧಾ' ಎಂಬ ಮತ್ತೊಂದು ಹೆಸರೂ ಉಂಟು. ಅದು ಮೂಗು ಇಟ್ಟ ಹೆಸರು, ಅದರಲ್ಲಿ ಸಂದೇಹವಿಲ್ಲ.

ಬಜೆ ಜೌಗುನೆಲದ ಸಸ್ಯ. ಖಡ್ಗದಂತಹ ಎಲೆ; ಕೆಸರಿನಲ್ಲಿ ಅಡ್ಡಲಾಗಿ ಹರಿಯುವ ಗಂಟುಗಂಟಾದ ಕಾಂಡ. ನಾವು ಬೇರೆನ್ನುವುದು ಈ ನೆಲಗಾಂಡವನ್ನೇ. ಆಯುರ್ವೇದದಲ್ಲಿ ಇದಕ್ಕೆ ಹಿರಿಯ ಸ್ಥಾನವಿದೆ. ಸಾರಸ್ವತಾರಿಷ್ಟದಲ್ಲಿಯೂ ಬ್ರಾಹ್ಮೀಘೃತದಲ್ಲಿಯೂ ಇದು ಸೇರುತ್ತದೆ. ಆದರೆ ಪ್ರಮಾಣ ಮೀರಿದರೆ ಬಜೆ ವಾಂತಿ ತರಿಸುವುದೆಂದು ಆ ಶಾಸ್ತ್ರವೇ ಬಲ್ಲದು. ಗೋಮೂತ್ರವೇ ಮೊದಲಾದವುಗಳಲ್ಲಿ ಬೇಯಿಸಿ ಶೋಧಿಸಿದ ಮೇಲೆ ಬಳಸಬೇಕೆಂಬ ವಿಧಿಯೂ ಅಲ್ಲಿದೆ. ಗ್ರಂದಿಗೆ ಅಂಗಡಿಯಿಂದ ತಂದ ತುಂಡಿಗೆ ಈ ಸಂಸ್ಕಾರ ಆಗಿದೆಯೆ ಎಂದು ವಿಚಾರಿಸುವ ಗೃಹಿಣಿಯರು ಎಷ್ಟು ಮಂದಿ?

ಬಜೆಯ ತೈಲದಲ್ಲಿ ಬೀಟಾ-ಅಸರೋನ್ ಎಂಬ ದ್ರವ್ಯವಿದೆ. ದೀರ್ಘಕಾಲ ಈ ತೈಲವನ್ನು ಆಹಾರದೊಡನೆ ತಿಂದ ಇಲಿಗಳ ಕರುಳಿನಲ್ಲಿ ಏಡಿಗಂತಿಗಳು ಎದ್ದುದು 1967ರಲ್ಲಿ ವರದಿಯಾಯಿತು. ಅದು ನಮ್ಮ ಜಮ್ಮುವಿನ ಬಜೆಯ ತೈಲ ಎಂಬುದನ್ನು ಮರೆಯಬಾರದು. ಮರುವರ್ಷವೇ ಅಮೆರಿಕ ಸರ್ಕಾರ ಆಹಾರದಲ್ಲಿ ಬಜೆಯ ಬಳಕೆಯನ್ನು ನಿಷೇಧಿಸಿತು. ಇಲಿ ವರ್ಷಗಟ್ಟಲೆ ತಿಂದ ತೈಲವೂ ಕೂಸಿನ ನಾಲಗೆಗೆ ತಾಕಿದ ಒಂದು ಬೊಟ್ಟೂ ಸಮಾನವಲ್ಲ, ನಿಜ. ಆದರೆ ತೇಯುವ ಕಲ್ಲಿಗೆ ತಕ್ಕಡಿ ಇಲ್ಲ. ಮೂರು ಕಿಲೋ ತೂಕದ ಶಿಶುವಿಗೆ ಎಷ್ಟು ಸುತ್ತು ಹೆಚ್ಚು, ಎಷ್ಟು ಕಡಿಮೆ ಎಂದು ಅಳೆದವರಾರು? ವಿದೇಶಗಳಲ್ಲಿಯೂ ಇದನ್ನು ಬಳಸುತ್ತಾರಲ್ಲವೆ ಎಂಬ ವಾದವೂ ನಿಲ್ಲದು. ಅಮೆರಿಕದ ಮೂಲ ಜಾತಿಯಲ್ಲಿ ಈ ದ್ರವ್ಯ ಇಲ್ಲವೆಂದೇ ಹೇಳಬಹುದು, ಯೂರೋಪಿನದರಲ್ಲಿ ಅಲ್ಪ. ಭಾರತದ ಬಜೆಯ ತೈಲದಲ್ಲಿಯೋ ಬಹುಪಾಲು ಅದೇ ಇರುವುದುಂಟು.

ಹುಳುಹುಪ್ಪಟೆ ಬಾರದಿರಲೆಂದು ಬಟ್ಟೆಯ ಪೆಟ್ಟಿಗೆಯಲ್ಲಿ ಬಜೆಯ ತುಂಡು ಇಡುತ್ತಿದ್ದ ಹಿರಿಯರು ಮಾತ್ರ ಗೆದ್ದರು. ಇದೇ ದ್ರವ್ಯ ಕೀಟಗಳ ಸಂತಾನಶಕ್ತಿಯನ್ನು ಕುಂದಿಸುತ್ತದೆಂದು 1977ರಲ್ಲಿ ವಿಜ್ಞಾನಿಗಳು ತೋರಿಸಿದರು. ಪುಸ್ತಕದ ಕಪಾಟಿಗೂ ಇದು ಒಳ್ಳೆಯದೇ.

ಆರು ತಿಂಗಳು ತುಂಬುವವರೆಗೆ ಶಿಶುವಿಗೆ ಎದೆಹಾಲಲ್ಲದೆ ಬೇರೇನೂ ಬೇಡವೆಂಬುದು ಇಂದಿನ ವೈದ್ಯರ ಮತ. ಕೆಲವರು ಬಜೆಯನ್ನು ಜೇನಿನಲ್ಲಿ ತೇಯುತ್ತಾರೆ. ವರ್ಷ ತುಂಬದ ಮಗುವಿಗೆ ಜೇನೇ ಅಪಾಯ, ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣುವಿನ ಬೀಜಗಳು ಎಳೆಯ ಕರುಳಿನಲ್ಲಿ ಮೊಳೆತು ವಿಷ ಕಾರಬಲ್ಲವು. ಕೈಗೆ ಕಟ್ಟುವ ಬಜೆಯ ಮಣಿ ಕಿತ್ತು ಬಂದರೆ ಗಂಟಲಲ್ಲಿ ಸಿಲುಕುವ ಭಯ ಬೇರೆ. ಕೂಸು ಹಸುರು ವಾಂತಿ ಮಾಡಿಕೊಂಡು, ಹೊಟ್ಟೆ ಬಿಗಿದು ಚೀರುತ್ತಿರುವಾಗ ಬಜೆ ತೇಯುತ್ತ ಕುಳಿತರೆ ಕಳೆಯುವ ಒಂದೊಂದು ಗಳಿಗೆಯೂ ದುಬಾರಿ.

ಎಲ್ಲಕ್ಕಿಂತ ನನಗೆ ಕಳವಳ ತರುವುದು ಮಾತಿನ ಸಂಗತಿ. ಒಂದೂವರೆ ವರ್ಷವಾದರೂ ಒಂದು ಪದವನ್ನೂ ಆಡದ ಮಗುವಿನ ನಾಲಗೆಗೆ ತಿಂಗಳುಗಟ್ಟಲೆ ಬಜೆ ಸವರುವವರಿದ್ದಾರೆ. ಅನೇಕ ವೇಳೆ ಕೊರತೆ ನಾಲಗೆಯಲ್ಲಿರುವುದಿಲ್ಲ, ಕಿವಿಯಲ್ಲಿರುತ್ತದೆ. ಕೇಳದ ಮಗು ಆಡುವುದಾದರೂ ಹೇಗೆ? ನವಜಾತ ಶಿಶುವಿನ ಶ್ರವಣವನ್ನೂ ಇಂದು ನೋವಿಲ್ಲದೆ ಪರೀಕ್ಷಿಸಬಹುದು. 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಮೈಸೂರಿನಲ್ಲಿಯೇ ಇದೆ. ಕೊರತೆಯನ್ನು ಮೂರು ತಿಂಗಳೊಳಗೆ ಗುರುತಿಸಿ, ಆರು ತಿಂಗಳೊಳಗೆ ಶ್ರವಣಸಾಧನವನ್ನೂ ಶಿಕ್ಷಣವನ್ನೂ ಆರಂಭಿಸಿದರೆ ಅಂತಹ ಮಕ್ಕಳಲ್ಲಿ ಬಹುಮಂದಿ ಮಾತು ಕಲಿಯುತ್ತಾರೆ.