ಬಿಟ್ಟುಹೋದ ವಿಮಾನ, ಕೊಟ್ಟುಬಿಟ್ಟ ಚಿನ್ನ

1952ರ ಜುಲೈ. ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೊರಟಿದ್ದ ಜೆಕೊಸ್ಲೊವಾಕಿಯಾ ತಂಡದಿಂದ ಸ್ಟಾನಿಸ್ಲಾವ್ ಯುಂಗ್‌ವಿರ್ತ್ ಎಂಬ ಓಟಗಾರನ ಹೆಸರನ್ನು ಸರ್ಕಾರ ಹೊಡೆದುಹಾಕಿತು. ಅವನ ತಂದೆ ರಾಜಕೀಯ ಕೈದಿ, ಕಾರಣ ಅಷ್ಟೇ. ಅವನು ಬರದಿದ್ದರೆ ತಾನೂ ಹೋಗುವುದಿಲ್ಲವೆಂದು ಅದೇ ತಂಡದ ಓಟಗಾರ ಎಮಿಲ್ ಜಾಟೊಪೆಕ್ ಪಟ್ಟು ಹಿಡಿದ. ಆತ ಸೇನಾಧಿಕಾರಿ, ಆ ಕಾಲದ ಪ್ರಾಗ್‌ನಲ್ಲಿ ಹಾಗೆ ಎದುರಾಡಿದವರಿಗೆ ಜೈಲು ದೂರವಿರಲಿಲ್ಲ. ತಂಡದ ವಿಮಾನ ಆತನನ್ನು ಬಿಟ್ಟೇ ಹಾರಿತು. ಕೊನೆಗೆ ಮಣಿದದ್ದು ಸರ್ಕಾರ. ಇಬ್ಬರೂ ತಡವಾಗಿ ಹೆಲ್ಸಿಂಕಿ ಸೇರಿದರು.

ಅಲ್ಲಿ ಎಂಟು ದಿನಗಳಲ್ಲಿ ಆತ ಮಾಡಿದ್ದನ್ನು ಇಂದಿಗೂ ಮತ್ತೊಬ್ಬರು ಮಾಡಿಲ್ಲ. 10,000 ಮೀಟರ್, 5,000 ಮೀಟರ್, ಮ್ಯಾರಥಾನ್: ಮೂರರಲ್ಲೂ ಚಿನ್ನ, ಮೂರರಲ್ಲೂ ಒಲಿಂಪಿಕ್ ದಾಖಲೆ. 5,000 ಮೀಟರ್ ಗೆದ್ದ ದಿನವೇ ಹೆಂಡತಿ ಡಾನಾ ಜಾವೆಲಿನ್‌ನಲ್ಲಿ ಚಿನ್ನ ಗೆದ್ದಳು. ಮ್ಯಾರಥಾನನ್ನಂತೂ ಆತ ಅದಕ್ಕೆ ಮೊದಲು ಓಡಿಯೇ ಇರಲಿಲ್ಲ. ಆರು ವಾರಗಳ ಹಿಂದಷ್ಟೇ ಜಗತ್ತಿನ ಅತಿವೇಗದ ಮ್ಯಾರಥಾನ್ ಓಡಿದ್ದ ಬ್ರಿಟನ್ನಿನ ಜಿಮ್ ಪೀಟರ್ಸ್‌ನ ಪಕ್ಕದಲ್ಲೇ ಓಡುತ್ತಾ, ಈ ವೇಗ ಸರಿಯೇ ಎಂದು ಜಾಟೊಪೆಕ್ ಕೇಳಿದ. ಸಾಲದು ಎಂದ ಪೀಟರ್ಸ್. ಜಾಟೊಪೆಕ್ ಅದನ್ನು ನಂಬಿ ವೇಗ ಹೆಚ್ಚಿಸಿದ. ಪೀಟರ್ಸ್‌ಗೆ ಓಟ ಮುಗಿಸಲಾಗಲಿಲ್ಲ. ಓಡುವಾಗ ಜಾಟೊಪೆಕ್‌ನ ಮುಖ ಕಿವುಚಿಕೊಳ್ಳುತ್ತಿತ್ತು, ತಲೆ ಪಕ್ಕಕ್ಕೆ ವಾಲುತ್ತಿತ್ತು. ಆ ಓಟದಲ್ಲಿ ಸೊಗಸು ಹುಡುಕಿದರೆ ಸಿಗದು. ಬೂಟು ತೊಟ್ಟು ಹಿಮದಲ್ಲಿ, ಕಾಡಿನಲ್ಲಿ, 400 ಮೀಟರಿನ ಸುತ್ತನ್ನು ಮತ್ತೆ ಮತ್ತೆ ಓಡಿ ಗಳಿಸಿದ ಕಸುವು ಅದು.

1968ರಲ್ಲಿ ಸೋವಿಯತ್ ಟ್ಯಾಂಕುಗಳು ಪ್ರಾಗ್‌ಗೆ ನುಗ್ಗಿದಾಗ ಆತ ಬಹಿರಂಗವಾಗಿ ವಿರೋಧಿಸಿದ. ಈ ಸಲ ಸರ್ಕಾರ ಮಣಿಯಲಿಲ್ಲ. ಆಳುವ ಪಕ್ಷ, ಸೇನೆ ಎರಡೂ ಆತನನ್ನು ಹೊರಹಾಕಿದವು. ಭೂಮಿ ಕೊರೆಯುವ ತಂಡದಲ್ಲಿ ಮನೆಯಿಂದ ದೂರ ವರ್ಷಗಟ್ಟಲೆ ಕೂಲಿ ಕೆಲಸ. ಮುಂದೆ ಒತ್ತಡಕ್ಕೆ ಸಿಲುಕಿ ಆಡಿದ ಮಾತಿನಿಂದ ಹಿಂದೆ ಸರಿದದ್ದೂ ಉಂಟು, ಅದಕ್ಕಾಗಿ ಕೆಲವರು ಆತನನ್ನು ಕ್ಷಮಿಸಲಿಲ್ಲ. ನನಗೆ ಅದು ಆತನನ್ನು ಇನ್ನಷ್ಟು ಹತ್ತಿರ ತರುತ್ತದೆ. ಅಂಜಿಕೆ ಗೊತ್ತಿದ್ದ ಮನುಷ್ಯನೇ 1952ರಲ್ಲಿ ಗೆಳೆಯನಿಗಾಗಿ ನಿಂತದ್ದು.

ಆದರೆ ಆತನ ದೊಡ್ಡತನ ನನಗೆ ಎಲ್ಲಕ್ಕಿಂತ ಹೆಚ್ಚು ಕಾಣುವುದು 1966ರಲ್ಲಿ. ವಿಶ್ವದಾಖಲೆಗಳ ಮೇಲೆ ವಿಶ್ವದಾಖಲೆ ಬರೆದರೂ ಒಲಿಂಪಿಕ್ ಚಿನ್ನ ಮಾತ್ರ ದಕ್ಕದ ಆಸ್ಟ್ರೇಲಿಯಾದ ರಾನ್ ಕ್ಲಾರ್ಕ್ ಪ್ರಾಗ್‌ಗೆ ಬಂದಿದ್ದ. ವಿಮಾನ ನಿಲ್ದಾಣದಲ್ಲಿ ಬೀಳ್ಕೊಡುವಾಗ ಜಾಟೊಪೆಕ್ ಪುಟ್ಟ ಪೊಟ್ಟಣವೊಂದನ್ನು ಕೈಗಿತ್ತ. ದೇಶದಾಚೆ ಸಾಗಿಸಲು ಏನೋ ಗುಟ್ಟಿನ ವಸ್ತು ಕೊಟ್ಟಿರಬೇಕೆಂದುಕೊಂಡ ಕ್ಲಾರ್ಕ್. ಒಳಗಿದ್ದದ್ದು ಹೆಲ್ಸಿಂಕಿಯ 10,000 ಮೀಟರ್ ಚಿನ್ನದ ಪದಕ. ಎರಡು ವರ್ಷಗಳ ನಂತರ ಮೆಕ್ಸಿಕೊ ಒಲಿಂಪಿಕ್ಸ್‌ನ ತೆಳು ಗಾಳಿಯಲ್ಲಿ ಕ್ಲಾರ್ಕ್ 10,000 ಮೀಟರ್ ಮುಗಿಸಿದ್ದೇ ಕುಸಿದುಬಿದ್ದ, ಆರನೇ ಸ್ಥಾನ. ಅವನ ಪಾಲಿಗೆ ಬಂದ ಒಲಿಂಪಿಕ್ ಚಿನ್ನ ಜಾಟೊಪೆಕ್ ಕೊಟ್ಟ ಅದೊಂದೇ.