ಗುಲಾಬಿಯ ಪರಿಮಳ, ಹುಲ್ಲಿನ ಎಣ್ಣೆ

ಅತ್ತರ್ ಅಂಗಡಿಯಲ್ಲಿ ‘ಗುಲಾಬ್’ ಎಂದು ಬರೆದ ಚಿಕ್ಕ ಸೀಸೆಯಿಂದ ಬರುವ ಪರಿಮಳ ಗುಲಾಬಿಯದ್ದೇ ಆಗಿರಬೇಕೆಂದಿಲ್ಲ. ಬೆಟ್ಟಗುಡ್ಡಗಳಲ್ಲಿ ತಾನಾಗಿ ಬೆಳೆಯುವ ಒಂದು ಹುಲ್ಲಿನದ್ದೂ ಆಗಿರಬಹುದು. ನಮ್ಮ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದಲ್ಲಿ ಬರುವ ಆಲ್ಕೋಹಾಲ್, ಆಲ್ಡಿಹೈಡ್ ಪಾಠಗಳಿಗೂ ಆ ಸೀಸೆಗೂ ನೇರ ಸಂಬಂಧವಿದೆ. ಅದನ್ನು ಹೇಳಲು ಮೂರು ಹುಲ್ಲುಗಳ ಪರಿಚಯ ಮಾಡಿಕೊಡುತ್ತೇನೆ. ಮೂರೂ ಸಿಂಬೊಪೋಗಾನ್ ಎಂಬ ಒಂದೇ ಕುಲಕ್ಕೆ ಸೇರಿದವು.

ಮೊದಲನೆಯದು ಮಜ್ಜಿಗೆ ಹುಲ್ಲು. ನೆಗಡಿಯಾದಾಗ ಶುಂಠಿಯ ಜೊತೆ ಕಷಾಯಕ್ಕೆ ಹಾಕುತ್ತಾರೆ. ನಮ್ಮ ಅಮ್ಮಿ ಚಹಾಕ್ಕೂ ಹಾಕುತ್ತಾರೆ. ಹಿತ್ತಲಲ್ಲಿ ನೆಡುವುದು ಸಾಮಾನ್ಯವಾಗಿ ಸಿಂಬೊಪೋಗಾನ್ ಸಿಟ್ರೇಟಸ್. ಪಶ್ಚಿಮ ಘಟ್ಟದ ಇಳಿಜಾರುಗಳಲ್ಲಿ ಕಾಡುಹುಲ್ಲಾಗಿ ಬೆಳೆಯುವುದು ಅದರ ಹತ್ತಿರದ ಸಂಬಂಧಿ ಸಿಂಬೊಪೋಗಾನ್ ಫ್ಲೆಕ್ಸುವೋಸಸ್. ಎರಡರ ಎಣ್ಣೆಯಲ್ಲೂ ಹೆಚ್ಚಿನ ಪಾಲು ಸಿಟ್ರಾಲ್ ಎಂಬ ಆಲ್ಡಿಹೈಡ್. ಒಳ್ಳೆಯ ಎಣ್ಣೆಯಲ್ಲಿ ಸುಮಾರು ಶೇ. 75. ಇದು ಒಂದೇ ಅಣುವಿನ ಸಿಸ್ ಮತ್ತು ಟ್ರಾನ್ಸ್ ರೂಪಗಳ ಮಿಶ್ರಣ. ತಮಾಷೆಯೆಂದರೆ, ನಿಂಬೆ ಸಿಪ್ಪೆಯ ಎಣ್ಣೆಯಲ್ಲಿ ಸಿಟ್ರಾಲ್ ಇರುವುದು ಶೇಕಡಾ ಕೆಲವೇ ಪಾಲು, ಉಳಿದದ್ದು ಬಹುಪಾಲು ಲಿಮೋನೀನ್. ಆದರೂ ನಾವು ‘ನಿಂಬೆ ವಾಸನೆ’ ಎಂದು ಗುರುತಿಸುವುದು ಮುಖ್ಯವಾಗಿ ಆ ಸ್ವಲ್ಪ ಸಿಟ್ರಾಲನ್ನೇ.

ಸಿಟ್ರಾಲ್ ಎಷ್ಟಿದೆ ಎಂದು ಅಳೆಯುವ ಹಳೆಯ ವಿಧಾನವೊಂದು ನನಗೆ ಬಹಳ ಹಿಡಿಸಿತು. ಉದ್ದ ಕತ್ತಿನ, ಕತ್ತಿನ ಮೇಲೆ ಅಳತೆಯ ಗೆರೆಗಳಿರುವ ಫ್ಲಾಸ್ಕಿಗೆ 10 ಮಿಲೀ ಎಣ್ಣೆ ಹಾಕಿ, ಸೋಡಿಯಂ ಬೈಸಲ್ಫೈಟ್ ದ್ರಾವಣ ಸೇರಿಸಿ, ಬಿಸಿ ಮಾಡಿ ಅಲುಗಾಡಿಸುತ್ತಾರೆ. ಆಲ್ಡಿಹೈಡ್ ಬೈಸಲ್ಫೈಟ್ ಜೊತೆ ಸೇರಿ ನೀರಿನಲ್ಲಿ ಕರಗುತ್ತದೆ, ಉಳಿದ ಎಣ್ಣೆ ಮೇಲೆ ತೇಲಿ ಕತ್ತಿಗೆ ಬರುತ್ತದೆ. ಅಲ್ಲಿ 2.5 ಮಿಲೀ ಕಂಡರೆ ಸಿಟ್ರಾಲ್ ಶೇ. 75 ಎಂದರ್ಥ. ಪಠ್ಯಪುಸ್ತಕದ ಒಂದು ಸಾಲಿನ ಕ್ರಿಯೆಯೇ ವ್ಯಾಪಾರದ ತಕ್ಕಡಿಯಾಗಿತ್ತು.

ಎರಡನೆಯದು ರೋಶಾ ಹುಲ್ಲು, ಸಿಂಬೊಪೋಗಾನ್ ಮಾರ್ಟಿನಿ. ಈ ಹೆಸರಿಗೆ ಕಾರಣ ಕ್ಲಾಡ್ ಮಾರ್ಟಿನ್ ಎಂಬ ಫ್ರೆಂಚ್ ಸೇನಾಧಿಕಾರಿ. ಟಿಪ್ಪು ಸುಲ್ತಾನರ ಮೇಲಿನ ಯುದ್ಧಕ್ಕೆ ಕಂಪನಿಯ ಸೈನ್ಯದೊಡನೆ ಬಂದಿದ್ದಾಗ ಆತ ಬಾಲಾಘಾಟ್ ಬೆಟ್ಟಗಳಲ್ಲಿ ಇದರ ಬೀಜ ಸಂಗ್ರಹಿಸಿದ ಎಂದು ಸಸ್ಯವಿಜ್ಞಾನಿ ರಾಕ್ಸ್‌ಬರ್ಗ್ ದಾಖಲಿಸಿದ್ದಾರೆ. ಇದರ ಎಣ್ಣೆಯಲ್ಲಿ ಸುಮಾರು ಶೇ. 80 ಜೆರಾನಿಯಾಲ್ ಎಂಬ ಆಲ್ಕೋಹಾಲ್. ಸಿಟ್ರಾಲ್ ಅಣುವಿನಲ್ಲಿ 10 ಕಾರ್ಬನ್, 16 ಹೈಡ್ರೋಜನ್, 1 ಆಕ್ಸಿಜನ್. ಜೆರಾನಿಯಾಲಿನಲ್ಲಿ ಹೈಡ್ರೋಜನ್ 18, ಉಳಿದದ್ದು ಅಷ್ಟೇ. ಎರಡೇ ಎರಡು ಹೈಡ್ರೋಜನ್ ತೆಗೆದರೆ, ಅಂದರೆ ಆಕ್ಸಿಡೀಕರಿಸಿದರೆ, ಗುಲಾಬಿ ವಾಸನೆ ಹೋಗಿ ನಿಂಬೆ ವಾಸನೆ ಬರುತ್ತದೆ!

ಮೂರನೆಯದು ಜಾವಾ ಸಿಟ್ರೊನೆಲ್ಲಾ. ಸೊಳ್ಳೆ ಓಡಿಸುವ ಎಣ್ಣೆಗಳಲ್ಲಿ ಇದರ ವಾಸನೆ ನಿಮಗೆ ಪರಿಚಿತ. ಇದರಲ್ಲಿ ಜೆರಾನಿಯಾಲೂ ಇದೆ, ಅದರ ಜೊತೆ ಸಿಟ್ರೊನೆಲ್ಲಾಲ್ ಎಂಬ ಆಲ್ಡಿಹೈಡ್ ಇದೆ. ಈ ಎರಡು ಅಣುಗಳಲ್ಲಿ ಪರಮಾಣುಗಳ ಲೆಕ್ಕ ಒಂದೇ, ಜೋಡಣೆ ಮಾತ್ರ ಬೇರೆ. ಐಸೋಮರ್ ಎಂದರೇನು ಎಂಬುದನ್ನು ಮೂಗಿಗೇ ತಿಳಿಸುವ ಉದಾಹರಣೆ ಇದು.

ಈಗ ಅತ್ತರಿಗೆ ಬರೋಣ. ಒಂದು ಕಿಲೋ ಗುಲಾಬಿ ಎಣ್ಣೆಗೆ 3ರಿಂದ 4 ಸಾವಿರ ಕಿಲೋ ಹೂವು ಬೇಕು. ಹುಲ್ಲಿಗೆ ಅಂಥ ಖರ್ಚಿಲ್ಲ. 19ನೇ ಶತಮಾನದಲ್ಲಿ ರೋಶಾ ಎಣ್ಣೆ ಮುಂಬೈಯಿಂದ ಕೆಂಪು ಸಮುದ್ರದ ಬಂದರುಗಳ ಮೂಲಕ ಇಸ್ತಾಂಬುಲ್ ತಲುಪಿ, ಅಲ್ಲಿಂದ ಬಲ್ಗೇರಿಯಾದ ಗುಲಾಬಿ ಎಣ್ಣೆಗೆ ಬೆರಕೆಯಾಗುತ್ತಿತ್ತು. ಮೂಲ ತಿಳಿಯದ ಯುರೋಪಿನ ವರ್ತಕರು ಅದನ್ನು ‘ಟರ್ಕಿಯ ಜೆರೇನಿಯಂ ಎಣ್ಣೆ’ ಎಂದೇ ಕರೆದರು.

ಬೆರಕೆ ಸುಲಭವಾಗಿದ್ದಕ್ಕೆ ಕಾರಣ ಸರಳ. ಹುಲ್ಲಿನ ಜೆರಾನಿಯಾಲಿಗೂ ಗುಲಾಬಿಯ ಜೆರಾನಿಯಾಲಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆ ಅಣುವನ್ನು ಹಿಡಿದು ‘ನೀನು ಎಲ್ಲಿಂದ ಬಂದೆ’ ಎಂದು ಕೇಳಲಾಗದು. ಅದರ ಜೊತೆಗಾರರನ್ನು ನೋಡಬೇಕು. ನಿಜವಾದ ಗುಲಾಬಿ ಎಣ್ಣೆಯಲ್ಲಿ ಸಾಮಾನ್ಯವಾಗಿ ಜೆರಾನಿಯಾಲಿಗಿಂತ ಸಿಟ್ರೊನೆಲ್ಲಾಲ್‌ನ ಆಲ್ಕೋಹಾಲ್ ರೂಪವಾದ ಸಿಟ್ರೊನೆಲ್ಲೋಲ್ ಹೆಚ್ಚು. ಮೇಣದಂಥ ಹೈಡ್ರೋಕಾರ್ಬನ್‌ಗಳೂ ಇರುವುದರಿಂದ ತಂಪಿನಲ್ಲಿ ಅದು ಹೆಪ್ಪುಗಟ್ಟುತ್ತದೆ. ರೋಶಾ ಎಣ್ಣೆ ಹಾಗಲ್ಲ. ಇಂದು ಗ್ಯಾಸ್ ಕ್ರೊಮ್ಯಾಟೋಗ್ರಫಿ ಯಂತ್ರ ಒಂದೊಂದು ಘಟಕವನ್ನೂ ಬೇರ್ಪಡಿಸಿ ಅದರ ಪಾಲನ್ನು ತೋರಿಸುತ್ತದೆ.

ನಮ್ಮ ಚಾಚಾ ಅತ್ತರ್ ಮಾರುತ್ತಾರೆ. ಅವರ ಬಳಿ ಯಂತ್ರವಿಲ್ಲ, ಮೂಗು ಇದೆ. ಕಡಿಮೆ ಬೆಲೆಯ ಸೀಸೆ ಕೊಡುವಾಗ “ಇದು ಗುಲಾಬಿಯ ಪರಿಮಳ, ಹೂವಿನ ಎಣ್ಣೆಯಲ್ಲ” ಎಂದು ಹೇಳಿಯೇ ಕೊಡುತ್ತಾರೆ. ಕೇಳಿ ಕೆಲವರು ವಾಪಸ್ ಹೋಗುವುದೂ ಉಂಟು. ನನ್ನ ಮಟ್ಟಿಗೆ ಹುಲ್ಲಿನ ಎಣ್ಣೆ ಕೀಳಲ್ಲ, ಅದನ್ನು ಹೂವಿನದ್ದೆಂದು ಮಾರುವುದಷ್ಟೇ ತಪ್ಪು.

ಇನ್ನೊಂದು ಮಾತು. ಕಷಾಯಕ್ಕೆ ಹಾಕುವ ಹುಲ್ಲು ತಾನೇ ಎಂದು ಕೆಲವರು ಅಂಗಡಿಯ ಎಣ್ಣೆಯನ್ನು ಬಿಸಿನೀರಿಗೆ ಹಾಕಿ ಕುಡಿಯುತ್ತಾರೆ. ಹಸಿ ಹುಲ್ಲಿನಲ್ಲಿ ಎಣ್ಣೆಯ ಅಂಶ ಶೇ. ಅರ್ಧಕ್ಕಿಂತಲೂ ಕಡಿಮೆ, ಒಂದು ಚಹಾ ಚಮಚ ಎಣ್ಣೆಯೆಂದರೆ ಸುಮಾರು ಒಂದು ಕಿಲೋ ಹುಲ್ಲು. ಅದು ನೀರಿನಲ್ಲಿ ಬೆರೆಯುವುದೂ ಇಲ್ಲ, ಮೇಲೆ ತೇಲಿ ನೇರವಾಗಿ ಬಾಯಿ, ಗಂಟಲಿಗೆ ತಾಗುತ್ತದೆ. ಸಿಟ್ರಾಲ್, ಜೆರಾನಿಯಾಲ್ ಎರಡೂ ಕೆಲವರ ಚರ್ಮಕ್ಕೆ ಅಲರ್ಜಿ ತರುತ್ತವೆ. ಹಚ್ಚಿಕೊಳ್ಳುವವರು ಕೊಬ್ಬರಿ ಎಣ್ಣೆಯಲ್ಲಿ ಒಂದೆರಡು ಹನಿ ಬೆರೆಸಿ, ಮೊದಲು ಮೊಣಕೈಯ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ಒಂದು ದಿನ ಕಾದು ನೋಡಿ. ಕುಡಿಯುವುದಕ್ಕೆ ಹಿತ್ತಲಿನ ಎಲೆಯೇ ಸಾಕು.