ಜೆಮಿನಾ ಕಾರ್ಟ್ರಿಜ್‌ನ ಅಂತರಂಗ

ಒಂದು ಯಂತ್ರಕ್ಕೆಂದು ರಚಿಸಿದ ಆಟವನ್ನು, ಅದನ್ನು ರಚಿಸಿದವರ ಅನುಮತಿಯಾಗಲಿ ನೆರವಾಗಲಿ ಇಲ್ಲದೆ, ಇನ್ನೊಂದು ಯಂತ್ರದಲ್ಲಿ ಆಡಿಸುವ ವಿದ್ಯೆ ಸಜ್ಜನರ ಪ್ರಶಂಸೆಗೆ ಪಾತ್ರವಾದುದಲ್ಲ. ಆದರೂ ಆ ಯಂತ್ರಗಳ ಒಳಗನ್ನು ಅರಿಯಬಯಸುವವರಿಗೆ ಅದಕ್ಕಿಂತ ವಿಶದವಾಗಿ ಬೋಧಿಸುವ ವಸ್ತು ದೊರೆಯುವುದು ದುರ್ಲಭ. ದಕ್ಷಿಣ ಕೊರಿಯದಲ್ಲಿ 1980ರ ದಶಕದಲ್ಲಿ ತಲೆಯೆತ್ತಿ, 1990ರ ದಶಕದ ಮೊದಲ ವರ್ಷಗಳವರೆಗೆ ಆಟದ ಕಾರ್ಟ್ರಿಜ್‌ಗಳನ್ನು ಹೊರತಂದು, ಅನಂತರ ಹೇಳಹೆಸರಿಲ್ಲದಂತಾದ ಜೆಮಿನಾ ಎಂಬ ಸಂಸ್ಥೆಯ ಕೃತಿಗಳನ್ನು ನಾನು ಇಲ್ಲಿ ಎತ್ತಿಕೊಂಡಿರುವುದು ಈ ಕಾರಣಕ್ಕಾಗಿಯೇ.

ಆ ಕಾಲದ ಕೊರಿಯದಲ್ಲಿ ಜಪಾನಿನ ಸಾಂಸ್ಕೃತಿಕ ಸರಕುಗಳಿಗೆ ನಿರ್ಬಂಧವಿತ್ತು. ಅದು ಹಂತಹಂತವಾಗಿ ಸಡಿಲತೊಡಗಿದ್ದು 1998ರಲ್ಲಿ. ಆದರೆ ಜಪಾನಿನಲ್ಲಿ 1983ರಲ್ಲಿ ಪ್ರಕಟವಾದ ಎಂಎಸ್‌ಎಕ್ಸ್ ಎಂಬ ಗೃಹಗಣಕದ ಮಾನಕವನ್ನು ಸ್ಥಳೀಯ ಉದ್ಯಮಗಳು ಮನಸಾರೆ ಸ್ವೀಕರಿಸಿದವು. ಡೇವೂ ಸಂಸ್ಥೆ ಅದೇ ಮಾನಕದ ಗಣಕದಿಂದ ಕೀಲಿಮಣೆಯನ್ನು ತೆಗೆದುಹಾಕಿ, 1985ರಲ್ಲಿ ಜೆಮಿಕ್ಸ್ ಎಂಬ ಆಟದ ಪೆಟ್ಟಿಗೆಯನ್ನೇ ಮಾರುಕಟ್ಟೆಗೆ ತಂದಿತು. ಪೆಟ್ಟಿಗೆ ಬಂದ ಮೇಲೆ ಅದರೊಳಗೆ ತೂರಿಸಲು ಆಟಗಳು ಬೇಕಲ್ಲವೆ? ಗಣಕ ಕ್ರಮವಿಧಿಗಳನ್ನು ರಕ್ಷಿಸುವ ಕಾನೂನು ಕೊರಿಯದಲ್ಲಿ ಜಾರಿಗೆ ಬಂದದ್ದು 1987ರ ಜುಲೈಯಲ್ಲಿ. ಅಲ್ಲಿಯವರೆಗೆ ಜಪಾನಿನ ಆಟಗಳನ್ನು ನಕಲುಮಾಡಿ ತಮ್ಮ ಹೆಸರಿನ ಚೀಟಿ ಅಂಟಿಸಿ ಮಾರುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ, ಜೆಮಿನಾ ಅದನ್ನು ಧಾರಾಳವಾಗಿಯೇ ಮಾಡಿತು. ಅದರ ನೀತಿ ಅನೀತಿಗಳ ವಿಚಾರಣೆ ಇಲ್ಲಿಯ ವಿಷಯವಲ್ಲ.

ನಮ್ಮ ಕುತೂಹಲ ಆರಂಭವಾಗುವುದು, 1989ರಲ್ಲಿ ಸ್ಯಾಮ್‌ಸಂಗ್ ಸಂಸ್ಥೆಯು ಜಪಾನಿನ ಸೆಗಾದವರ ಮಾಸ್ಟರ್ ಸಿಸ್ಟಮ್ ಯಂತ್ರವನ್ನು ಗ್ಯಾಮ್‌ಬಾಯ್ ಎಂಬ ಹೆಸರಿನಲ್ಲಿ ಕೊರಿಯದ ಮಕ್ಕಳ ಕೈಗಿತ್ತಾಗ. ಎಂಎಸ್‌ಎಕ್ಸ್‌ಗಾಗಿ ರಚಿತವಾದ ಆಟಗಳು ಅನಂತರ ಈ ಹೊಸ ಯಂತ್ರದಲ್ಲಿಯೂ ಓಡತೊಡಗಿದವು. ಮೇಲ್ನೋಟಕ್ಕೆ ಅನ್ಯವೆನಿಸುವ ಈ ಎರಡು ಯಂತ್ರಗಳು ಒಳಗಿನಿಂದ ದಾಯಾದಿಗಳೆಂಬುದೇ ಇದರ ರಹಸ್ಯ. ಎರಡರಲ್ಲಿಯೂ ಇರುವುದು ಜೈಲಾಗ್‌ನವರ ಜೆಡ್80 ಪ್ರೊಸೆಸರ್; ಎರಡರ ವೇಗವೂ ಸೆಕೆಂಡಿಗೆ ಸುಮಾರು 35.8 ಲಕ್ಷ ಮಿಡಿತ. ಈ ಪ್ರೊಸೆಸರ್ ಏಕಕಾಲಕ್ಕೆ ನೋಡಬಲ್ಲ ಮೆಮೊರಿ 64 ಕಿಲೋಬೈಟು. ಅದರಲ್ಲಿ ಮೊದಲ 16 ಕಿಲೋಬೈಟು ಎಂಎಸ್‌ಎಕ್ಸ್‌ನ ಸ್ವಂತ ಮೂಲಕ್ರಮವಿಧಿಗೆ ಮೀಸಲು. ನಡುವಣ 32 ಸಾಮಾನ್ಯವಾಗಿ ಕಾರ್ಟ್ರಿಜ್‌ಗೆ. ಕೊನೆಯ 16 ಬರೆದಳಿಸಬಹುದಾದ ಮೆಮೊರಿಗೆ. ಸೆಗಾ ಯಂತ್ರದಲ್ಲಿ ಮೊದಲ 48 ಕಿಲೋಬೈಟೂ ಕಾರ್ಟ್ರಿಜ್‌ನದೇ, ಅದರ ಮುಂದೆ ಬರೆದಳಿಸುವ ಮೆಮೊರಿ, ಎಂಟೇ ಕಿಲೋಬೈಟಾದರೂ ಆರಂಭವಾಗುವುದು ಅದೇ ವಿಳಾಸದಿಂದ. ಆದುದರಿಂದ ಆಟದ ಮುಖ್ಯ ಶರೀರವನ್ನು ಇದ್ದಲ್ಲಿಯೇ ಇರಗೊಟ್ಟು, ಎಂಎಸ್‌ಎಕ್ಸ್ ಒದಗಿಸುತ್ತಿದ್ದ ಮೂಲಸೇವೆಗಳಲ್ಲಿ ಬೇಕಾದಷ್ಟನ್ನು ತೆರವಾದ ಮೊದಲ ಭಾಗದಲ್ಲಿ ತಾವೇ ಬರೆದು ತುಂಬಿ, ಚಿತ್ರ, ಧ್ವನಿ ಮತ್ತು ಗುಂಡಿಗಳ ಸಂಪರ್ಕದ್ವಾರಗಳ ಸಂಖ್ಯೆಗಳನ್ನು ಬದಲಿಸಿದರೆ ಕೆಲಸದ ಬಹುಪಾಲು ಮುಗಿದಂತೆಯೇ.

ಧ್ವನಿಯ ವಿಷಯದಲ್ಲಂತೂ ದೈವವೇ ಅನುಕೂಲವಾಗಿತ್ತೆನ್ನಬೇಕು. ಎಂಎಸ್‌ಎಕ್ಸ್‌ನ ಧ್ವನಿಚಿಪ್ಪು ಮಿಡಿತದ ವೇಗವನ್ನು ಅರ್ಧಕ್ಕಿಳಿಸಿಕೊಂಡು ಹದಿನಾರರಿಂದ ಭಾಗಿಸುತ್ತದೆ, ಸೆಗಾದ ಚಿಪ್ಪು ಪೂರ್ಣ ವೇಗವನ್ನು ಮೂವತ್ತೆರಡರಿಂದ ಭಾಗಿಸುತ್ತದೆ. ಎರಡು ಲೆಕ್ಕಗಳೂ ಬಂದು ಸೇರುವುದು ಒಂದೇ ಸಂಖ್ಯೆಗೆ. ಆದಕಾರಣ ಒಂದರ ಸ್ವರಸಂಖ್ಯೆಗಳನ್ನು ಮತ್ತೊಂದಕ್ಕೆ ಹಾಗೆಯೇ ಉಣಿಸಿದರೂ ಶ್ರುತಿ ತಪ್ಪುವುದಿಲ್ಲ. ಒಂದು ಕೊರತೆ ಉಂಟು: ಎಂಎಸ್‌ಎಕ್ಸ್ ಸ್ವರಸಂಖ್ಯೆ 4095ರವರೆಗೆ ಏರಬಲ್ಲದು, ಸೆಗಾದ್ದು 1023ಕ್ಕೇ ನಿಲ್ಲುತ್ತದೆ, ಎಂದರೆ ಸುಮಾರು 109 ಹರ್ಟ್ಸ್‌ಗಿಂತ ಕೆಳಗಿನ ಮಂದ್ರಸ್ವರಗಳನ್ನು ಈ ಯಂತ್ರ ನುಡಿಸಲಾರದು.

ಚಿತ್ರದ ಕಥೆ ಇಷ್ಟು ಸರಳವಲ್ಲ. ಎಂಎಸ್‌ಎಕ್ಸ್ ಬಳಸಿದ್ದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನವರ ಚಿತ್ರಚಿಪ್ಪನ್ನು: ಹದಿನೈದು ಬಣ್ಣ, ಮೂವತ್ತೆರಡು ಚಲಿಸುವ ಬೊಂಬೆ, ಆದರೆ ಒಂದೇ ಅಡ್ಡಸಾಲಿನಲ್ಲಿ ನಾಲ್ಕಕ್ಕಿಂತ ಹೆಚ್ಚು ಕಾಣದಿರುವ ಕಟ್ಟುಪಾಡು. ಸೆಗಾದವರು ತಮ್ಮ ಚಿಪ್ಪನ್ನು ಇದರ ವಂಶದಿಂದಲೇ ಬೆಳೆಸಿ, ತಮ್ಮ ಹಳೆಯ ಯಂತ್ರದ ಆಟಗಳು ಓಡಲೆಂದು ಹಳೆಯ ಚಿತ್ರಕ್ರಮಗಳನ್ನೂ ಅದರಲ್ಲಿ ಉಳಿಸಿಕೊಂಡಿದ್ದರು. ಆ ಹಿತ್ತಲ ಬಾಗಿಲಿನಿಂದಲೇ ಕೊರಿಯದ ಆಟಗಳು ಒಳಹೊಕ್ಕವು. ಬಣ್ಣಗಳು ಮಾತ್ರ ಹೊಸ ಯಂತ್ರದಲ್ಲಿ ತುಸು ಕೆಟ್ಟವು. ಇನ್ನು, ಸೆಗಾದ ಮುಂದಿನ ಯಂತ್ರವಾದ ಮೆಗಾಡ್ರೈವ್ ಆ ಹಳೆಯ ಕ್ರಮಗಳನ್ನು ಕೈಬಿಟ್ಟುದರಿಂದ, ಅಡಾಪ್ಟರ್ ಜೋಡಿಸಿದರೂ ಇಂತಹ ಆಟಗಳ ಚಿತ್ರ ಅದರಲ್ಲಿ ಮೂಡುವುದಿಲ್ಲ.

ಜೆಮಿನಾದ ಪ್ರಸಿದ್ಧ ಕೃತಿಯಾದ ‘ಸೂಪರ್ ಬಾಯ್’ ಸರಣಿಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ನಿಂಟೆಂಡೊದ ‘ಸೂಪರ್ ಮಾರಿಯೊ ಬ್ರದರ್ಸ್’ ಆಟದ ಅನುಕರಣೆ ಅದು. ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಮಾರಿಯೊ ಓಡುವಾಗ ಭೂದೃಶ್ಯವು ನೀರಿನಂತೆ ನುಣ್ಣಗೆ ಹಿಂದೆ ಸರಿಯುವುದು ನಿಂಟೆಂಡೊ ಯಂತ್ರದ ಚಿತ್ರಚಿಪ್ಪಿನ ಸ್ವಯಂಸಿದ್ಧ ಶಕ್ತಿಯಿಂದ. ಟೆಕ್ಸಾಸ್‌ನವರ ಚಿಪ್ಪಿಗೆ ಆ ಶಕ್ತಿಯಿಲ್ಲ. ಅದರಲ್ಲಿ ದೃಶ್ಯವನ್ನು ಸರಿಸಬೇಕಾದರೆ 768 ಚೌಕಗಳ ಪಟ್ಟಿಯನ್ನು ಮತ್ತೆ ಬರೆದು ಎಂಟೆಂಟು ಬಿಂದುಗಳಷ್ಟು ಜಿಗಿಸಬೇಕು, ಇಲ್ಲವೆ ಇಡೀ ಪರದೆಯನ್ನು ಒಮ್ಮೆಲೇ ಬದಲಾಯಿಸಬೇಕು. ಇಂತಹ ಚಿಪ್ಪಿನ ಮೇಲೆ ಮಾರಿಯೊನನ್ನು ಓಡಿಸಹೊರಟವನ ಧೈರ್ಯವನ್ನು ನಾನು ಮನಸ್ಸಿನಲ್ಲಿಯೇ ಮೆಚ್ಚಿಕೊಂಡಿದ್ದೇನೆ. ಫಲಿತಾಂಶವನ್ನು ಅಷ್ಟಾಗಿ ಮೆಚ್ಚಲಾರೆ.

ಉಳಿದದ್ದು ದೊಡ್ಡ ಆಟಗಳ ಸಮಸ್ಯೆ. ಜಪಾನಿನ ಕೊನಾಮಿ ಸಂಸ್ಥೆಯವರು ಎಂಎಸ್‌ಎಕ್ಸ್‌ಗಾಗಿ ರಚಿಸಿದ ‘ನೆಮೆಸಿಸ್’ ಆಟ 128 ಕಿಲೋಬೈಟಿನದು. ಯಂತ್ರ ನೋಡಬಲ್ಲ ಕಿಂಡಿ ಅದಕ್ಕಿಂತ ಎಷ್ಟೋ ಚಿಕ್ಕದು. ನೂರು ಗರಿಗಳ ಓಲೆಕಟ್ಟಿನಿಂದ ನಾಲ್ಕೇ ಗರಿಗಳನ್ನು ವ್ಯಾಸಪೀಠದ ಮೇಲಿರಿಸಿ, ಓದು ಮುಂದುವರಿದಂತೆ ಅವನ್ನು ಬದಲಿಸುತ್ತ ಹೋಗುವ ಪಂಡಿತನಂತೆ, ಕಾರ್ಟ್ರಿಜ್‌ನಲ್ಲಿರುವ ಒಂದು ಪುಟ್ಟ ವಿದ್ಯುನ್ಮಂಡಲ ಎಂಟೆಂಟು ಕಿಲೋಬೈಟಿನ ಪುಟಗಳನ್ನು ಕಿಂಡಿಯೆದುರು ತಂದಿರಿಸುತ್ತದೆ. ಸೆಗಾದವರ ಸ್ವಂತ ಪದ್ಧತಿಯಲ್ಲಿ ಪುಟ 16 ಕಿಲೋಬೈಟಿನದು, ಪುಟ ಬದಲಿಸುವ ಆಜ್ಞೆಯನ್ನು ಬರೆಯುವುದು ಮೆಮೊರಿಯ ತುತ್ತತುದಿಯ ವಿಳಾಸಗಳಲ್ಲಿ. ಕೊರಿಯದವರು ಕೊನಾಮಿಯ ಎಂಟು ಕಿಲೋಬೈಟಿನ ವಿಭಾಗವನ್ನು ಕದಲಿಸದೆ, ಆಜ್ಞೆಗಳನ್ನು ತದ್ವಿರುದ್ಧವಾಗಿ ಮೆಮೊರಿಯ ಮೊಟ್ಟಮೊದಲ ನಾಲ್ಕು ವಿಳಾಸಗಳಿಗೆ, ಸೊನ್ನೆಯಿಂದ ಮೂರರವರೆಗೆ, ಕಳುಹಿಸಿದರು. ಅಲ್ಲಿರುವುದು ಓದಲು ಮಾತ್ರ ಬರುವ ಮೆಮೊರಿ. ಬರೆದದ್ದೇನೂ ಅಲ್ಲಿ ನಿಲ್ಲದು, ಆದರೆ ಬರೆಯುವ ಪ್ರಯತ್ನವನ್ನು ಗಮನಿಸಿದ ಮಂಡಲ ಪುಟವನ್ನು ತಿರುವಿಬಿಡುತ್ತದೆ.

ಹಳೆಯ ಯಂತ್ರಗಳನ್ನು ಇಂದಿನ ಗಣಕದಲ್ಲಿ ಅನುಕರಿಸಿ ತೋರಿಸುವ ಮೇಮ್ ಎಂಬ ತಂತ್ರಾಂಶದಲ್ಲಿ ಸೆಗಾ ಕಾರ್ಟ್ರಿಜ್‌ಗಳ ಪ್ರಭೇದಗಳಿಗೆ ಒಂದೊಂದು ಹೆಸರಿದೆ. ಅವುಗಳಲ್ಲೊಂದರ ಹೆಸರು ಜೆಮಿನಾ ಎಂದೇ. ಕೊನಾಮಿಯವರಿಂದ ಎರವಲು ತಂದ ‘ನೆಮೆಸಿಸ್’ಗೆ ಮಾತ್ರ ಅಲ್ಲಿ ಪ್ರತ್ಯೇಕ ಪ್ರಭೇದವನ್ನೇ ಕಲ್ಪಿಸಬೇಕಾಗಿ ಬಂದಿದೆ.